ಬೇಹಿನ ಚಾವಡಿಯ ಓಲೆಗಳು

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ದಾರಿ ಕ್ಯಾತ್ಸಂದ್ರವನ್ನು ದಾಟಿ ಬಟವಾಡಿಯ ಬಳಿ ತುಮಕೂರನ್ನು ಹೊಗುತ್ತದೆ. ಮುಂದೆ ಒಂದು ಕವಲು ಗುಬ್ಬಿಯತ್ತ, ಇನ್ನೊಂದು ಶಿರಾದತ್ತ. ಮುನ್ನೂರು ವರ್ಷಗಳ ಹಿಂದೆ ಈ ಸೀಮೆ ಎರಡು ಬಲಿಷ್ಠ ಪ್ರಭುತ್ವಗಳ ನಡುವಿನ ಗಡಿಯಾಗಿತ್ತು. 1687ರಲ್ಲಿ ಔರಂಗಜೇಬನ ಸೇನಾನಿ ಖಾಸಿಂ ಖಾನನು ಬೆಂಗಳೂರನ್ನು ಗೆದ್ದು, ಮೂರು ಲಕ್ಷ ರೂಪಾಯಿಗೆ ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟು, ತಾನು ಶಿರಾದಲ್ಲಿ ಮೊಗಲರ ಫೌಜದಾರನಾಗಿ ನೆಲೆನಿಂತನು. ಒಡೆಯರ ಬಾವುಟವೂ ಉತ್ತರಕ್ಕೆ ಸರಿಯಿತು. ತುಮಕೂರಿನ ನೆತ್ತಿಯ ಮೇಲಿನ ದೇವರಾಯನದುರ್ಗ ಇಂದಿಗೂ ಆ ಅರಸನ ಹೆಸರನ್ನೇ ಹೊತ್ತು ನಿಂತಿದೆ.

ಹೀಗೆ ಹಿಗ್ಗಿದ ರಾಜ್ಯವನ್ನು ಶ್ರೀರಂಗಪಟ್ಟಣದಲ್ಲಿ ಕುಳಿತು ಆಳುವುದು ಹೇಗೆ? 1673ರಿಂದ 1704ರವರೆಗೆ ಪಟ್ಟದಲ್ಲಿದ್ದ ಚಿಕ್ಕದೇವರಾಜರು ಅದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಅಂಚೆಯೂ ಒಂದು. ಠಾಣೆಯಿಂದ ಠಾಣೆಗೆ ಓಡುವ ಆಳುಗಳು, ಠಾಣೆಗೊಬ್ಬ ಅಧಿಕಾರಿ, ಎಲ್ಲವೂ ಕೊನೆಗೆ ಬಂದು ಸೇರುವ ಒಂದು ಕೇಂದ್ರ. ಅರಮನೆಯ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದಾಗ ಸುಂಕಕ್ಕೊಂದು, ದೇವಸ್ಥಾನಕ್ಕೊಂದು, ಬೆಣ್ಣೆಗೊಂದು ಚಾವಡಿಯಿದ್ದಂತೆ ಓಲೆಗಳ ರವಾನೆಗೂ ಒಂದು ಏರ್ಪಟ್ಟಿತು. ಅದೇ ಬೇಹಿನ ಚಾವಡಿ. ಅದರ ಮುಖ್ಯಸ್ಥನಿಗೆ ಎರಡು ಹೊಣೆ. ಕಾಗದಗಳನ್ನು ತಲುಪಿಸುವುದು ಒಂದು. ನಾಡಿನ ಗುಟ್ಟುಗಳನ್ನು ಅರಸನ ಕಿವಿಗೆ ಹಾಕುವುದು ಇನ್ನೊಂದು.

ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಿದ್ದಾನೆ. ಅಂಚೆಯ ಅಧಿಕಾರಿಗಳು ಆಸ್ಥಾನದ ನಂಬಿಕಸ್ಥರು, ಅವರ ಕೈಕೆಳಗಿನವರು ಬೇಹುಗಾರರು, ತಾವಿದ್ದ ಸೀಮೆಯಲ್ಲಿ ಮುಚ್ಚುಮರೆಯಲ್ಲಿ ನಡೆದುದನ್ನೆಲ್ಲ ತಪ್ಪದೆ ವರದಿ ಮಾಡುತ್ತಿದ್ದರು ಎಂದು ಅವನ ಬರಹ. ಹೈದರಾಲಿಯ ಕಾಲಕ್ಕೆ ಇದು ಭಯಂಕರವಾದ ಪರಿಪೂರ್ಣತೆಗೆ ಬಂತೆಂದೂ ಅವನು ಸೇರಿಸುತ್ತಾನೆ. ವಿಲ್ಕ್ಸ್ ಗೆದ್ದವರ ಪಕ್ಷದವನು. ಹೈದರನ ಬಗ್ಗೆ ಅವನಾಡಿದ ಮಾತನ್ನು ತೂಗಿ ನೋಡಿಯೇ ತೆಗೆದುಕೊಳ್ಳಬೇಕು. ಆದರೆ ಒಂದೇ ಚಾವಡಿಗೆ ರವಾನೆ ಮತ್ತು ಬೇಹು ಎರಡನ್ನೂ ಒಪ್ಪಿಸಿದ ಏರ್ಪಾಟಿನಲ್ಲಿ ಆಳುವವರ ಉದ್ದೇಶ ತಾನಾಗಿಯೇ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಅರಸನ ಬಳಿ ಬೇಹುಗಾರರಿರುವುದು ಹೊಸತಲ್ಲ. ಸಂತೆಯಲ್ಲಿ, ಛತ್ರದಲ್ಲಿ, ದಂಡಿನಲ್ಲಿ ಅವರು ಮೊದಲಿನಿಂದಲೂ ಇದ್ದರು. ಅವರಿಂದ ತಪ್ಪಿಸಿಕೊಳ್ಳಲು ಜನ ಬಾಯಿ ಬಿಗಿಹಿಡಿಯಬಹುದಿತ್ತು. ಅಂಚೆಯವನ ಮಾತು ಬೇರೆ. ಅವನ ಕೈಗೆ ಓಲೆಯನ್ನು ಕೊಡುವವನು ತಾನಾಗಿಯೇ ನಂಬಿ ಕೊಡುತ್ತಾನೆ. ಆ ನಂಬಿಕೆಯಿಲ್ಲದೆ ಅಂಚೆಯೇ ಇಲ್ಲ. ಪ್ರಭುತ್ವ ದುಡಿಸಿಕೊಂಡದ್ದು ಆ ನಂಬಿಕೆಯನ್ನು. ಯೂರೋಪಿನ ದೊರೆಗಳೂ ಇದರಲ್ಲಿ ಹಿಂದೆ ಬೀಳಲಿಲ್ಲ. ಪ್ಯಾರಿಸ್, ವಿಯೆನ್ನಾ, ಲಂಡನ್ ನಗರಗಳ ಅಂಚೆ ಕಚೇರಿಗಳಲ್ಲಿ ಮುದ್ರೆ ಒಡೆದು, ಓದಿ, ಮತ್ತೆ ಮುದ್ರೆ ಒತ್ತುವ ಗುಪ್ತ ಕೊಠಡಿಗಳೇ ಇದ್ದವು. 1844ರಲ್ಲಿ ಇಟಲಿಯ ದೇಶಭ್ರಷ್ಟ ಮಾತ್ಸೀನಿಯ ಕಾಗದಗಳನ್ನು ಲಂಡನ್ನಿನಲ್ಲಿ ಒಡೆದದ್ದು ಬಯಲಾದಾಗ ಅಲ್ಲಿನ ಪಾರ್ಲಿಮೆಂಟು ಕೆಂಡವಾಯಿತು. ಮೈಸೂರಿನಲ್ಲಿ ಹಾಗೆ ಕೇಳುವ ಸಭೆ ಆಗ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅಂಚೆ ಬೀಳಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲವನ್ನೂ ಕಮಿಷನರರ ಕಾಲವನ್ನೂ ದಾಟಿ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಆ ದಿನಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದುದು ಕಾಯಿದೆಯ ಅಕ್ಷರವಾಗತೊಡಗಿತ್ತು. 1885ರ ಟೆಲಿಗ್ರಾಫ್ ಕಾಯಿದೆ ತಂತಿಯ ಸಂದೇಶವನ್ನೂ 1898ರ ಅಂಚೆ ಕಾಯಿದೆ ಕಾಗದವನ್ನೂ ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟವು. ಸ್ವಾತಂತ್ರ್ಯ ಬಂದ ಮೇಲೂ ಎರಡೂ ಉಳಿದವು. 1986ರಲ್ಲಿ ಆ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಮಸೂದೆಗೆ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟರೂ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಇಟ್ಟುಕೊಂಡರು. ಆ ಮೌನಕ್ಕೆ ನಮ್ಮ ಇತಿಹಾಸದಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಎರಡು ವರ್ಷಗಳಲ್ಲಿ ಕರ್ನಾಟಕದ ಸರದಿ ಬಂತು. ಐವತ್ತರಷ್ಟು ಜನರ ಫೋನುಗಳನ್ನು ಕದ್ದಾಲಿಸಲಾಗಿದೆ ಎಂಬ ಆರೋಪ ಎದ್ದು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್ 10ರಂದು ರಾಜೀನಾಮೆ ಕೊಟ್ಟರು. ಕದ್ದಾಲಿಕೆಯ ಕಾರಣಕ್ಕೆ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಟ್ಟಿಳಿದ ಆ ದಿನವನ್ನು ನಾಡು ಮರೆಯಬಾರದು, ಏಕೆಂದರೆ ಮುಂದೆ ಯಾರೂ ಹಾಗೆ ಇಳಿಯಲಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಫೋನ್ ಮಾತುಕತೆಯೂ ಖಾಸಗಿ ಬದುಕಿನ ಭಾಗವೆಂದು ಸಾರಿ, ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶವನ್ನು ಕಡ್ಡಾಯ ಮಾಡಿತು.

ಆ ಹೊತ್ತಿಗೆ ಹೊಸದೊಂದು ಅಂಚೆ ಹುಟ್ಟುತ್ತಿತ್ತು. ಕಂಪ್ಯೂಟರಿಗಾಗಲಿ ಫೋನಿಗಾಗಲಿ ತಯಾರಕರು ಆಗಾಗ ಕಳಿಸುವ ಸೆಕ್ಯುರಿಟಿ ಅಪ್‌ಡೇಟ್ ಒಂದು ಬಗೆಯ ಓಲೆ. ಒಳಗಿನ ಲೋಪವನ್ನು ಮುಚ್ಚುವುದು ಅದರ ಕೆಲಸ. ಅದು ನಿಜವಾಗಿ ತಯಾರಕರಿಂದಲೇ ಬಂದದ್ದೆಂಬುದಕ್ಕೆ ಒಂದು ಡಿಜಿಟಲ್ ಸಹಿಯಿರುತ್ತದೆ. ಸಹಿ ಸರಿಯಿದ್ದರೆ ಯಂತ್ರ ಪ್ರಶ್ನಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ಬಟವಾಡಿಯ ಎಪಿಎಂಸಿ ಅಂಗಳದ ವರ್ತಕನಾಗಲಿ ಕುಣಿಗಲಿನ ಶಾಲೆಯ ಮೇಷ್ಟರಾಗಲಿ ಅದರೊಳಗೆ ಏನಿದೆಯೆಂದು ಓದಿ ನೋಡಲಾರರು; ನಂಬಿ ಒಪ್ಪಬೇಕಷ್ಟೆ. ಇಂಥ ದಾರಿಯಲ್ಲಿ ಸರ್ಕಾರ ತನ್ನ ಬೇಹನ್ನು ಕಳಿಸಿದರೆ, ಅದು ಬೀಗ ಸರಿಮಾಡಲು ಬಂದವನು ಮನೆಯ ಇನ್ನೊಂದು ಬೀಗದಕೈ ಮಾಡಿಸಿಟ್ಟುಕೊಂಡಂತೆ.

ಇದು ಬರಿಯ ಶಂಕೆಯಲ್ಲ. 2009ರ ಜುಲೈನಲ್ಲಿ ಯುಎಇಯ ಎತಿಸಲಾತ್ ಕಂಪನಿ, ಅಲ್ಲಿನ ಸರ್ಕಾರವೇ ಹೆಚ್ಚಿನ ಪಾಲು ಹೊಂದಿದ್ದ ಫೋನ್ ಸಂಸ್ಥೆ, ತನ್ನ ಬ್ಲ್ಯಾಕ್‌ಬೆರಿ ಗ್ರಾಹಕರಿಗೆ ಒಂದು ಅಪ್‌ಡೇಟ್ ಕಳಿಸಿತು. ಫೋನಿನ ಕಾರ್ಯಕ್ಷಮತೆ ಹೆಚ್ಚುತ್ತದೆ ಎಂಬ ಭರವಸೆಯೊಡನೆ ಬಂದ ಅದನ್ನು ಹಾಕಿಕೊಂಡವರ ಬ್ಯಾಟರಿಗಳು ಬೇಗಬೇಗ ಬರಿದಾಗತೊಡಗಿದವು. ತಜ್ಞರು ಬಿಚ್ಚಿ ನೋಡಿದರೆ ಅದು ಸಂದೇಶಗಳನ್ನು ನಕಲು ಮಾಡಿ ಕಳಿಸಬಲ್ಲ ಬೇಹು ತಂತ್ರಾಂಶ. ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ಕೆನಡಾದ ಕಂಪನಿ ಇದು ತನ್ನದಲ್ಲವೆಂದು ಬಹಿರಂಗವಾಗಿ ಹೇಳಿ, ಅದನ್ನು ಕಿತ್ತುಹಾಕುವ ಉಪಾಯವನ್ನೂ ಕೊಟ್ಟಿತು. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಬೇಹು ತಂತ್ರಾಂಶ ಮೈಕ್ರೋಸಾಫ್ಟಿನ ಸಹಿಯನ್ನೇ ನಕಲು ಮಾಡಿ, ವಿಂಡೋಸ್ ಅಪ್‌ಡೇಟಿನ ವೇಷದಲ್ಲಿ ಪಶ್ಚಿಮ ಏಷ್ಯಾದ ಕಂಪ್ಯೂಟರುಗಳಿಗೆ ಹೊಕ್ಕಿತ್ತು.

ಕರ್ನಾಟಕಕ್ಕೆ ಇದರ ಬಿಸಿ ಇನ್ನೊಂದು ಬಗೆಯಲ್ಲಿ ತಟ್ಟಿತು. 2019ರ ಮೇ ತಿಂಗಳಲ್ಲಿ ವಾಟ್ಸ್ಆ್ಯಪ್ ತನ್ನ 150 ಕೋಟಿ ಬಳಕೆದಾರರಿಗೆ ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿರೆಂದು ಕರೆಕೊಟ್ಟಿತು. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ತಂತ್ರಾಂಶ ಬರಿಯ ಒಂದು ಕರೆಯ ಮೂಲಕ ಫೋನಿನೊಳಗೆ ಇಳಿಯಬಲ್ಲ ಲೋಪ ಅದರಲ್ಲಿತ್ತು. ಸುಮಾರು 1,400 ಫೋನುಗಳು ಗುರಿಯಾಗಿದ್ದವು. ಲೋಪವನ್ನು ಮುಚ್ಚಿದ್ದು ಅಪ್‌ಡೇಟೇ. ಆ ಬೇಸಿಗೆ ಕಳೆದು ಜುಲೈ 23ರಂದು ರಾಜ್ಯದಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಎರಡು ವರ್ಷಗಳ ಅನಂತರ, 2021ರ ಜುಲೈನಲ್ಲಿ, ಪೆಗಾಸಸ್ ಗುರಿಗಳಿರಬಹುದೆಂದು ಪತ್ರಕರ್ತರ ಕೂಟವೊಂದು ಹೊರಗೆಡವಿದ ಸಂಖ್ಯೆಗಳ ಪಟ್ಟಿಯಲ್ಲಿ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳಿದ್ದವು. ತುಮಕೂರು ಜಿಲ್ಲೆಯ ಕೊರಟಗೆರೆಯ ಶಾಸಕ, ಆ ಸರ್ಕಾರದ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಇತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನು ಭೇದಿಸಲ್ಪಟ್ಟಿತೆಂದಾಗದು. ಪಟ್ಟಿ ತನ್ನದಲ್ಲವೆಂದು ಎನ್‌ಎಸ್‌ಒ ಹೇಳಿತು. ಅಕ್ರಮ ಬೇಹು ನಡೆದೇ ಇಲ್ಲವೆಂದು ಕೇಂದ್ರ ಸರ್ಕಾರ ಹೇಳಿತು. ತನ್ನ ತಂತ್ರಾಂಶವನ್ನು ಸರ್ಕಾರಗಳಿಗಲ್ಲದೆ ಬೇರೆ ಯಾರಿಗೂ ಮಾರುವುದಿಲ್ಲವೆಂದು ಹೇಳಿದ್ದೂ ಎನ್‌ಎಸ್‌ಒ ಕಂಪನಿಯೇ.

ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 27ರಂದು ತಾಂತ್ರಿಕ ಸಮಿತಿಯನ್ನು ನೇಮಿಸಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಗೆ ಒಪ್ಪಿಸಿತು. ಮರುವರ್ಷ ಆಗಸ್ಟಿನಲ್ಲಿ ವರದಿಯ ಸಾರ ಹೊರಬಂತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶವಿತ್ತು, ಅದು ಪೆಗಾಸಸ್ಸೇ ಎಂಬುದಕ್ಕೆ ಖಚಿತ ಪುರಾವೆಯಿರಲಿಲ್ಲ, ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲ.

2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಫೋನ್ ತಯಾರಕರಿಗೆ ಆದೇಶವೊಂದನ್ನು ಕೊಟ್ಟಿತು. ಸಂಚಾರ್ ಸಾಥಿ ಎಂಬ ಸರ್ಕಾರಿ ಆ್ಯಪ್ ಪ್ರತಿ ಹೊಸ ಫೋನಿನಲ್ಲಿರಬೇಕು; ಆಗಲೇ ತಯಾರಾಗಿ ಮಾರಾಟದ ಹಾದಿಯಲ್ಲಿದ್ದ ಫೋನುಗಳಿಗೆ ಅದನ್ನು ಸಾಫ್ಟ್‌ವೇರ್ ಅಪ್‌ಡೇಟಿನ ಮೂಲಕ ತಲುಪಿಸಬೇಕು. ಕಳುವಾದ ಫೋನನ್ನು ಪತ್ತೆಹಚ್ಚುವುದು, ವಂಚನೆ ತಡೆಯುವುದು ಅದರ ಉದ್ದೇಶವೆಂದು ಸರ್ಕಾರ ವಿವರಿಸಿತು. ಆ ಉದ್ದೇಶ ಒಳ್ಳೆಯದೇ. ಕಳೆದುಹೋದ ಫೋನು ಮರಳಿ ಸಿಕ್ಕವರು ಅದನ್ನು ಮೆಚ್ಚಿದ್ದಾರೆ. ಆದರೂ ಅದು ಬೇಹಿಗೂ ಬಳಕೆಯಾದೀತೆಂಬ ಭಯದಿಂದ ದೇಶದ ತುಂಬ ಪ್ರತಿಭಟನೆಯ ದನಿ ಎದ್ದಿತು, ಡಿಸೆಂಬರ್ 3ರಂದು ಆದೇಶ ಹಿಂದಕ್ಕೆ ಹೋಯಿತು. ಬೇಹಿಗೆ ಹೆದರಿದ ಜನ ಅಪ್‌ಡೇಟನ್ನೇ ಮುಂದೂಡತೊಡಗಿದರೆ, 2019ರಂಥ ಲೋಪಗಳು ಅವರ ಫೋನಿನಲ್ಲಿ ತೆರೆದೇ ಉಳಿಯುತ್ತವೆ. ಕಳ್ಳನೂ ಪರದೇಶದ ಬೇಹುಗಾರನೂ ಅಲ್ಲಿಂದಲೇ ನುಗ್ಗುತ್ತಾರೆ. ಆದ್ದರಿಂದ ಲೋಪ ಮುಚ್ಚಲು ಬರುವ ಓಲೆಯಲ್ಲಿ ಸರ್ಕಾರದ ಆಜ್ಞೆಯಿಂದ ಬೇರೇನನ್ನೂ ತುರುಕಕೂಡದೆಂಬ ನಿಯಮವನ್ನು, ಒಂದು ಇಲಾಖೆಯ ಮರ್ಜಿಗೆ ಬಿಡದೆ, ಸಂಸತ್ತು ಕಾಯಿದೆಯಾಗಿ ಬರೆಯಬೇಕು.