ಕಾಂಪೋಸ್ಟ್ ಗುಂಡಿಯೊಳಗಿನ ಬೆಂಗಳೂರು

ನಿಮ್ಮ ಹಿತ್ತಲಲ್ಲಿ ತರಕಾರಿ ಸಿಪ್ಪೆ, ಕಾಫಿ ಚರಟ, ಹಳೇ ರಟ್ಟು ಹಾಕೋಕೆ ಕಾಂಪೋಸ್ಟ್ ಡಬ್ಬ ಇದೆಯಾ? ಕಾಂಪೋಸ್ಟ್ ಇತಿಹಾಸದಲ್ಲಿ ಭಾರತದ ಎರಡು ಊರುಗಳ ಹೆಸರಿದೆ: ಇಂದೋರ್ ಮತ್ತು ಬೆಂಗಳೂರು.

ಇಂದೋರಿನಲ್ಲಿ ಆಲ್ಬರ್ಟ್ ಹಾವರ್ಡ್ ಮತ್ತು ಯಶವಂತ ವಾಡ್ ಕಸಕಡ್ಡಿ, ಸಗಣಿಯನ್ನು ಪದರಪದರವಾಗಿ ಪೇರಿಸಿ, ಆಗಾಗ ಮಗುಚಿ, ಸುಮಾರು 3 ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು 1931ರಲ್ಲಿ ಪುಸ್ತಕವಾಗಿ ತಂದರು. ನಮ್ಮ ಹಳ್ಳಿಗಳಲ್ಲಿ ತಿಪ್ಪೆ ಮೊದಲೇ ಇತ್ತು. ಇವರು ಅಳತೆ, ಲೆಕ್ಕ ಸೇರಿಸಿದರು.

ಪಟ್ಟಣದ ತಲೆನೋವೇ ಬೇರೆ: ಕಸದ ಜೊತೆ ಮಲವೂ ಇತ್ತು. 1939ರಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ವಿಧಾನದಲ್ಲಿ ಎರಡನ್ನೂ ಗುಂಡಿಗೆ ಪದರವಾಗಿ ತುಂಬಿ, ಮೇಲೆ ಹಸಿಮಣ್ಣು ಮೆತ್ತಿ ಮುಚ್ಚಿಬಿಡುತ್ತಿದ್ದರು. ಮಗುಚೋ ಕೆಲಸ ಇಲ್ಲ. ತೇವ ಆರಲ್ಲ, ನೊಣ ಕಡಿಮೆ. ಆದರೆ 6ರಿಂದ 8 ತಿಂಗಳು ಕಾಯಬೇಕು.

ಆ ಮಲವನ್ನು ಹೊತ್ತವರು ಯಾರು? ಜಾತಿ ಯಾರನ್ನು ಆ ಕೆಲಸಕ್ಕೆ ದೂಡಿತ್ತೋ ಅವರು. ಮಲ ಹೊರಿಸೋದನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿದ್ದು 1993ರಲ್ಲಿ. ವಿಧಾನಕ್ಕೆ ಊರಿನ ಹೆಸರು ಉಳಿಯಿತು. ಹೊತ್ತವರ ಹೆಸರು ಉಳಿಯಲಿಲ್ಲ.

ಈಗ ನಿಮ್ಮ ಡಬ್ಬಕ್ಕೆ ಬೀಳೋದು ಸಿಪ್ಪೆ, ಎಲೆ, ರಟ್ಟು ಮಾತ್ರ. ಮಕ್ಕಳಿಗೆ ಕಾಂಪೋಸ್ಟ್ ಮಾಡೋದು ಕಲಿಸುವಾಗ ಆ ಎರಡು ಊರುಗಳ ಜೊತೆ ಇವರ ಮಾತನ್ನೂ ಹೇಳಿ.