ಮಾಳಿಗೆ, ಹಂಚು, ಸ್ಲ್ಯಾಬು: ನಮ್ಮ ಸೂರಿನ ಚರಿತ್ರೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಅವರ ಕಣ್ಣು ಮೊದಲು ಹೋಗುವುದು ಮೇಲಕ್ಕೆ. ಮಣ್ಣಿನ ಮಾಳಿಗೆಯೋ, ಹಂಚೋ, ತಗಡೋ, ಸ್ಲ್ಯಾಬೋ ಎಂಬುದನ್ನು ನೋಡಿಕೊಂಡೇ ಮಾತು ಮುಂದುವರಿಯುತ್ತದೆ. ಸಾಲ ಮಾಡಿಯಾದರೂ ಮದುವೆಗೆ ಮೊದಲು ಸ್ಲ್ಯಾಬು ಹಾಕಿಸಬೇಕೆಂಬ ಹಟ ಹಿಂದೂಗಳಲ್ಲೂ ಇದೆ, ನಮ್ಮಲ್ಲೂ ಇದೆ. ಸೂರು ಮಳೆ ಬಿಸಿಲು ತಡೆದರೆ ಸಾಲದು, ಮನೆತನದ ಮುಖವೂ ಆಗಬೇಕು ಎಂಬ ಈ ಆಸೆಗೆ ನಮ್ಮ ಭಾಗದಲ್ಲಿ ಒಂದು ಚರಿತ್ರೆಯೇ ಇದೆ.

ಈ ಚರಿತ್ರೆಯನ್ನು ಮೊದಲು ಬರೆದದ್ದು ಮಳೆ. ಹಾವೇರಿಯ ಪಶ್ಚಿಮಕ್ಕೆ ಹಾನಗಲ್ ಮಲೆನಾಡಿನ ಸೆರಗು. ಪೂರ್ವಕ್ಕೆ ರಾಣೆಬೆನ್ನೂರು ಕೃಷ್ಣಮೃಗಗಳು ಓಡಾಡುವ ಬಯಲುಸೀಮೆ. ಮಳೆ ಹೆಚ್ಚಿದ ಕಡೆ ಕುಂಬಾರರು ಮಾಡಿದ ನಾಡಹಂಚಿನ ಇಳಿಜಾರು ಸೂರು, ಕಡಿಮೆಯಾದ ಕಡೆ ಮಟ್ಟಸವಾದ ಮಣ್ಣಿನ ಮಾಳಿಗೆ. ಬ್ಯಾಡಗಿಯಂಥ ನಡುವಿನ ಊರುಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇದ್ದವು.

ಮಣ್ಣಿನ ಮಾಳಿಗೆಯನ್ನು ಬಡವರ ಮನೆಯೆಂದು ಈಗ ಹೀಗಳೆಯುತ್ತೇವೆ. ಆದರೆ ಅದರ ಹಿಂದಿನ ತಿಳಿವಳಿಕೆ ಸಣ್ಣದಲ್ಲ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಬಿದಿರು, ಅದರ ಮೇಲೆ ಸೊಪ್ಪು, ಆಮೇಲೆ ದಪ್ಪನೆಯ ಮಣ್ಣು, ಕೊನೆಗೆ ಸವಳು ಮಣ್ಣಿನ ಹೊದಿಕೆ. ಸವಳು ಮಣ್ಣು ನೀರು ತಾಗಿದೊಡನೆ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದರಲ್ಲಿ ಹುಲ್ಲೂ ಬೇಗ ಹುಟ್ಟುವುದಿಲ್ಲ. ಮೃಗಶಿರ ಮಳೆಗೆ ಮೊದಲು ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಏರಿಸಬೇಕು. ಅದು ಒಬ್ಬನಿಂದಾಗುವ ಕೆಲಸವಲ್ಲ, ಓಣಿಯ ಜನರೆಲ್ಲ ಕೈಗೂಡಿಸಬೇಕು. ಕೆಲಸವಿಲ್ಲದೆ ಮಲಗಿದವನನ್ನು ‘ಜಂತಿ ಎಣಿಸುತ್ತಾನೆ’ ಎನ್ನುವ ಮಾತು ಹುಟ್ಟಿದ್ದೂ ಇಂಥ ಮನೆಗಳಲ್ಲೇ.

ಒಂದಕ್ಕೊಂದು ಹೊಂದಿಕೊಂಡ ಈ ಮಾಳಿಗೆಗಳು ಹೆಂಗಸರ ಅಂಗಳವೂ ಆಗಿದ್ದವು. ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತಿದ್ದುದು ಅಲ್ಲಿ. ಆ ಶಾವಿಗೆ ಒಂದು ಮನೆಯಲ್ಲಿ ಪಾಯಸವಾದರೆ ಇನ್ನೊಂದು ಮನೆಯಲ್ಲಿ ಈದಿನ ಶೀರ್‌ಖುರ್ಮಾ. ಹಗಲು ಪರದೆಯೊಳಗೆ ಇರುತ್ತಿದ್ದ ನಮ್ಮ ಹೆಂಗಸರಿಗೆ ಸಂಜೆಯ ಗಾಳಿ ಸಿಗುತ್ತಿದ್ದುದೂ, ಈದಿನ ಚಂದ್ರನ ಎಳೆಗೆರೆ ಕಾಣುತ್ತಿದ್ದುದೂ ಮಾಳಿಗೆಯ ಮೇಲೆಯೇ.

ಅಂದಕ್ಕಾಗಿ ಸೂರು ಬದಲಿಸುವ ಕಾಲ ಬಂದದ್ದು ಮಂಗಳೂರು ಹಂಚಿನೊಂದಿಗೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಳೆಯ ಹಂಚುಗಳ ಬೆನ್ನ ಮೇಲೆ 1865 ಎಂಬ ಅಚ್ಚು ಕಂಡು ತಮ್ಮ ಮನೆಯೇ ಅಷ್ಟು ಹಳೆಯದೆಂದು ಹಲವರು ಹೆಮ್ಮೆಪಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. 1868ರಲ್ಲಿ ಅಲ್ಬುಕರ್ಕ್ ಮನೆತನದವರೂ ಕಾರ್ಖಾನೆ ತೆರೆದರು. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲು ಮಾರ್ಗ ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಆ ಮಾರ್ಗದ ನಿಲ್ದಾಣಗಳಾದವು. ಹತ್ತಿ, ಮೆಣಸಿನಕಾಯಿ ವ್ಯಾಪಾರ ಬೆಳೆಯಿತು. ಒಂದೇ ಅಳತೆಯ, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಕೆಂಪು ಹಂಚು ವ್ಯಾಪಾರಸ್ಥರ ಮನೆ, ಶಾಲೆ, ಕಚೇರಿಗಳ ಗುರುತಾಯಿತು. ವರ್ಷಕ್ಕೊಮ್ಮೆ ಮಣ್ಣು ಹೊರುವ ಕಷ್ಟ ತಪ್ಪಿತು, ನಿಜ. ಆದರೆ ಇಳಿಜಾರು ಸೂರಿನ ಮೇಲೆ ಶಾವಿಗೆ ಒಣಗಿಸಲಾಗದು, ಚಂದ್ರನನ್ನು ನೋಡಲು ನಿಲ್ಲಲಾಗದು.

ಮನೆ ಕಟ್ಟುವವರ ಬಾಯಲ್ಲಿ ಉಳಿದ ಮಾತುಗಳನ್ನೂ ಗಮನಿಸಬೇಕು. ಹಂಚು ಅಚ್ಚಗನ್ನಡ. ಗಚ್ಚು, ಗಿಲಾವು, ಕಮಾನು ಫಾರಸಿಯಿಂದ ಬಂದವು. ಮೇಸ್ತ್ರಿ ಪೋರ್ಚುಗೀಸರ ಮಾತು, ಸ್ಲ್ಯಾಬು ಇಂಗ್ಲಿಷರದು. ಇದು ನಮ್ಮದು, ಅದು ಅವರದು ಎಂದು ಬೇರ್ಪಡಿಸಿ ಕಿತ್ತರೆ ಯಾವ ಮನೆಯೂ ನಿಲ್ಲುವುದಿಲ್ಲ.

ಕಾಂಕ್ರೀಟು ಬಂದ ಮೇಲೆ ಸರಕಾರವೂ ಸೂರನ್ನು ನೋಡಿಯೇ ಮನುಷ್ಯನ ಸ್ಥಿತಿ ಅಳೆಯಿತು. ಜನಗಣತಿಯ ಮನೆಪಟ್ಟಿಯಲ್ಲಿ ಹುಲ್ಲು, ಕೈಹಂಚು, ಯಂತ್ರದ ಹಂಚು, ತಗಡು, ಕಾಂಕ್ರೀಟು ಎಂದು ಬೇರೆ ಬೇರೆ ಕಲಮುಗಳಿವೆ. ಇಂದಿರಾ ಆವಾಸ್, ಆಶ್ರಯ ಯೋಜನೆಗಳು ಬಡವರಿಗೂ ‘ಪಕ್ಕಾ ಮನೆ’ಯ ಕನಸು ಕೊಟ್ಟವು. ಆ ಕನಸನ್ನು ಬರೀ ಶೋಕಿಯೆಂದು ಹಂಗಿಸುವುದು ಅನ್ಯಾಯ. 2009ರ ನೆರೆಯಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿದಾಗ ಮಣ್ಣಿನ ಮನೆಗಳು ಕುಸಿದವು. ನೆನೆದ ಗೋಡೆಯ ಮೇಲೆ ಮಣ್ಣಿನ ಮಾಳಿಗೆಯ ಭಾರ ಎಂಥದೆಂದು ಅದರಡಿ ಮಲಗಿದವರಿಗೆ ಗೊತ್ತು. ಪೂರ್ಣ ಬಿದ್ದ ಮನೆಗೆ ಸರಕಾರ 2019ರಲ್ಲಿ 5 ಲಕ್ಷ ರೂಪಾಯಿ ಘೋಷಿಸಿದಾಗ, ಅಂಥವರು ಮತ್ತೆ ಮಣ್ಣೇರಿಸದೆ ಸ್ಲ್ಯಾಬು ಬಯಸಿದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಸ್ಲ್ಯಾಬಿಗೂ ತನ್ನ ಬೆಲೆಯಿದೆ. ತೆಳುವಾದ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು ರಾತ್ರಿ ಒಳಗೆ ಉಗುಳುತ್ತದೆ. ಏಪ್ರಿಲ್ ತಿಂಗಳಲ್ಲಿ ಅದರಡಿ ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಕೇಳಿದರೆ ಅಂದದ ಲೆಕ್ಕ ಬೇರೆಯೇ ಆಗುತ್ತದೆ. ಮೇಲೆ ಸುಣ್ಣ ಬಳಿಯುವುದು ಅಗ್ಗದ ಕೆಲಸ, ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಅದು ಬೀದಿಗೆ ಕಾಣುವುದಿಲ್ಲ. ಹಾಗಾಗಿ ನಾವು ಮುಂಭಾಗದ ಬಣ್ಣಕ್ಕೇ ದುಡ್ಡು ಸುರಿಯುತ್ತೇವೆ.

ಮದೀನಾದಲ್ಲಿ ಪ್ರವಾದಿಯವರ (ಸ) ಮಸೀದಿಗೆ ಖರ್ಜೂರದ ಗರಿಗಳ ಸೂರಿತ್ತು. ಮಳೆ ಬಂದಾಗ ಸೋರಿ, ಸುಜೂದ್ ಮಾಡಿದ ಪ್ರವಾದಿಯವರ ಹಣೆಗೆ ಕೆಸರು ಮೆತ್ತಿದ್ದನ್ನು ಬುಖಾರಿಯ ಹದೀಸ್ ಸಂಗ್ರಹ ದಾಖಲಿಸಿದೆ. ಮಸೀದಿಯನ್ನು ಹೊಸದಾಗಿ ಕಟ್ಟಿಸುವಾಗ ಹಜ್ರತ್ ಉಮರ್ (ರ), ಜನ ಮಳೆಯಿಂದ ಪಾರಾಗಲಿ, ಕೆಂಪು ಹಳದಿ ಬಣ್ಣ ಬಳಿದು ಅವರ ಮನಸ್ಸನ್ನು ಸೆಳೆಯುವುದು ಬೇಡ ಎಂಬರ್ಥದ ಎಚ್ಚರಿಕೆ ಕೊಟ್ಟರು. ಮುಂದೆ ಹಜ್ರತ್ ಉಸ್ಮಾನ್ (ರ) ಅದೇ ಮಸೀದಿಗೆ ಕೆತ್ತನೆಯ ಕಲ್ಲು ಹಾಕಿಸಿ, ಸಾಗುವಾನಿಯ ಸೂರು ಹೊದಿಸಿದರು. ಅರಬಿಯ ‘ಸಾಜ್’ ಎಂದರೆ ನಮ್ಮ ‘ಸಾಗ’ವೇ.

ಹಾಗಾದರೆ ಅಂದ ಬೇಡವೆಂದಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಒಳಗಿರುವವರ ನೆಮ್ಮದಿಯದು. ಬೀದಿಯಲ್ಲಿ ಹೋಗುವವರ ಮೆಚ್ಚುಗೆ ಆಮೇಲಿನದು. ಸ್ಲ್ಯಾಬಿನ ಮೇಲೂ ಶಾವಿಗೆ ಒಣಗುತ್ತದೆ, ಚಂದ್ರನೂ ಕಾಣುತ್ತಾನೆ. ಮೆಟ್ಟಿಲಿನ ಬಾಗಿಲಿಗೆ ಬೀಗ ಜಡಿದು, ನೆರೆಮನೆಯ ಮುಖ ಕಾಣದಷ್ಟು ಎತ್ತರಕ್ಕೆ ಕಟ್ಟೆ ಏರಿಸಿಕೊಳ್ಳದಿದ್ದರೆ ಸಾಕು.