'ಬ್ಯಾಂಕು' ಎಂಬ ಹೆಸರಿಗೊಂದು ಕಾವಲು

'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ಗಾದೆಯನ್ನು ನನ್ನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಜನರ ಉಳಿತಾಯವನ್ನು ಕಾಯುವ ಸಂಸ್ಥೆಗಳ ವಿಷಯದಲ್ಲಿ ಈ ಗಾದೆ ನಿಜವಾಗಬಾರದೆಂದು ನಮ್ಮ ದೇಶವು ಕಾನೂನನ್ನೇ ಮಾಡಿದೆ.

ಭಾರತದಲ್ಲಿ ಸರ್ಕಾರಿ ಉಳಿತಾಯ ಬ್ಯಾಂಕುಗಳು 1833ರಿಂದ 1835ರ ಅವಧಿಯಲ್ಲಿ ಕಲ್ಕತ್ತಾ, ಮದರಾಸು ಮತ್ತು ಮುಂಬಯಿಗಳಲ್ಲಿ ಆರಂಭವಾದವು. 1882ರಲ್ಲಿ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಬಂದಿತು. ಇವುಗಳ ಬೆನ್ನಿಗೆ ಸರ್ಕಾರವಿತ್ತು. ಖಾಸಗಿ ಬ್ಯಾಂಕುಗಳಿಗೆ ಆ ಆಸರೆಯಿರಲಿಲ್ಲ. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು, 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗಿದವು. ಹೆಸರಿನಲ್ಲಿ 'ಬ್ಯಾಂಕು' ಎಂದಿದ್ದ ಮಾತ್ರಕ್ಕೆ ಹಣವು ಭದ್ರವಲ್ಲವೆಂದು ಜನರು ಕಷ್ಟಪಟ್ಟು ಕಲಿತರು.

1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆ ಬಂದದ್ದು ಇಂತಹ ಅನುಭವಗಳ ತರುವಾಯ. ಅದರ 7ನೆಯ ಪ್ರಕರಣವು ಇಂದು ಎರಡು ಮಾತು ಹೇಳುತ್ತದೆ. ಬ್ಯಾಂಕಿಂಗ್ ಕಂಪನಿಯಲ್ಲದ ಯಾವ ಕಂಪನಿಯೂ 'ಬ್ಯಾಂಕ್', 'ಬ್ಯಾಂಕರ್', 'ಬ್ಯಾಂಕಿಂಗ್' ಎಂಬ ಪದಗಳನ್ನು ತನ್ನ ಹೆಸರಿನಲ್ಲಿ ಬಳಸಕೂಡದು. ಹಾಗೆಯೇ, ಬ್ಯಾಂಕಿಂಗ್ ವ್ಯವಹಾರ ನಡೆಸುವ ಕಂಪನಿಯು ಇವುಗಳಲ್ಲೊಂದು ಪದವನ್ನು ಹೆಸರಿನಲ್ಲಿ ಇಟ್ಟುಕೊಳ್ಳಲೇಬೇಕು. ಸುಳ್ಳು ವೇಷವೂ ಸಲ್ಲದು, ಮುಸುಕೂ ಸಲ್ಲದು!

ಸಹಕಾರಿ ಬ್ಯಾಂಕುಗಳು 1966ರ ಮಾರ್ಚ್ 1ರಂದು ಈ ಕಾಯಿದೆಯ ವ್ಯಾಪ್ತಿಗೆ ಬಂದವು. ಆಗ ಕಾಯಿದೆಯ ಹೆಸರೇ ಬದಲಾಗಿ 'ಬ್ಯಾಂಕಿಂಗ್ ನಿಯಂತ್ರಣ ಕಾಯಿದೆ' ಎಂದಾಯಿತು. 2020ರ ತಿದ್ದುಪಡಿಯು ಸಹಕಾರ ಸಂಘಗಳ ಮೇಲಿನ ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಕೆಲವು ಸಂಘಗಳು ನಿಯಮ ಮೀರಿ ಈ ಪದವನ್ನು ಬಳಸುತ್ತಿವೆಯೆಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿರಿ. ಈ ಪ್ರಕರಣವು ಕಾಯುವುದು 'ಬ್ಯಾಂಕ್' ಎಂಬ ಪದವನ್ನೇ ಹೊರತು 'ಉಳಿತಾಯ'ವನ್ನಲ್ಲ. ಸಂಘವೊಂದು ತನ್ನ ಸದಸ್ಯರ ಉಳಿತಾಯವನ್ನು ಸ್ವೀಕರಿಸಬಹುದು. ಆದರೆ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ ದೊರೆಯುತ್ತಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಅಲ್ಲಿಲ್ಲ.

'ಸಂಘ' ಎಂಬ ಹೆಸರೇನೂ ಕೀಳಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಹುಟ್ಟಿ ಕೀರ್ತಿ ಪಡೆದದ್ದು ಸಹಕಾರ ಸಂಘವೇ. ಸಂಘವು ಸಂಘವೆಂದೇ ಕರೆದುಕೊಂಡರೆ ಸದಸ್ಯನಿಗೆ ತಾನು ಎಲ್ಲಿ ನಿಂತಿರುವೆನೆಂಬುದು ತಿಳಿದಿರುತ್ತದೆ. ನಿವೃತ್ತಿಯ ಹಣವನ್ನೋ ಮಗಳ ಮದುವೆಗೆಂದು ಕೂಡಿಟ್ಟುದನ್ನೋ ಇಡುವ ಮುನ್ನ ಫಲಕವನ್ನು ಓದಿರಿ. ಬಳಿಕ ಒಳಹೊಕ್ಕು ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ.